ಕೋಥ್ರೂಡದ ಜರ್ಮನ್ ಕ್ಲಾಸ್ (ಎ1 ಅಂದ್ರ ಮೊದಲನೇ ಹಂತ, ವೀಕೆಂಡ್ ಬ್ಯಾಚ್): ನನ್ನ ಅನುಭವ

ಪುಣೆದಾಗ ಜರ್ಮನ್ ಕ್ಲಾಸಿಗೇನೂ ಕಡಿಮಿ ಇಲ್ಲ, ಗಲ್ಲಿಗೊಂದು ಬೋರ್ಡ್ ಅದ. ನಾ ಮೊದಲ ಒಂದು ದೊಡ್ಡ ಕ್ಲಾಸಿಗೆ ರೊಕ್ಕ ಕಟ್ಟಿದ್ದೆ, ಅಲ್ಲೆ ಬರೇ ಡೆರ್ ಡೀ ಡಾಸ್ (ನಾಮಪದದ ಮುಂದ ಹಚ್ಚೋ ಲಿಂಗದ ಶಬ್ದ) ಬಾಯಿಪಾಠ, 2 ತಿಂಗಳಿಗೆ ಸಾಕಾಗಿ ಬಿಟ್ಟೆ. ಈ ಕ್ಲಾಸ್ ರಿಟೈರ್ ಆದ ಒಬ್ಬ ಮೇಡಂ ಅವರ ಮನಿ ಹಾಲ್‌ನಾಗ ನಡೀತದ, 9 ಮಂದಿ ಇದ್ವಿ, ಶನಿವಾರ ರವಿವಾರ ಮುಂಜಾನೆ 8ಕ್ಕ. ಹುಬ್ಬಳ್ಳಿ ಧಾರವಾಡ ಕಡಿಯವರು ಇಲ್ಲೆ ಭಾಳ ಮಂದಿ ಇದ್ದೀರಿ, ಅದಕ್ಕ ಬರೀಲಿಕ್ಕತ್ತೀನಿ.

ಮೂರನೇ ವಾರ ಒಬ್ಬಾಕಿ ಬರ್ತ್‌ಡೇ ಇತ್ತು. ಬಾಜೂಕ ಕೂತ ಹುಡುಗ ಬಾಕರವಡಿ ಪಾಕೀಟ್ ಮುಂದ ಹಿಡದು "ಇಶ್ ಹಾಬೆ ಐನ್ ಗಿಫ್ಟ್ ಫ್ಯೂರ್ ಡಿಶ್" ಅಂದ, ನಿನಗೊಂದು ಗಿಫ್ಟ್ ಅದ ಅನ್ನೋ ಅರ್ಥದಾಗ. ಮೇಡಂ ಪುಸ್ತಕ ಮುಚ್ಚಿಟ್ಟು ಫೋನ್‌ನಾಗ ಒಂದು ಫೋಟೋ ತೋರಿಸಿದ್ರು, ಇಲಿ ಪಾಷಾಣದ ಡಬ್ಬಿ, ಮ್ಯಾಲೆ ದಪ್ಪ ಅಕ್ಷರದಾಗ ರಾಟೆನ್‌ಗಿಫ್ಟ್ ಅಂತ! ಜರ್ಮನ್‌ದಾಗ ಗಿಫ್ಟ್ ಅಂದ್ರ ವಿಷ, ಉಡುಗೊರಿಗೆ ಗೆಶೆಂಕ್ ಅನ್ಬೇಕು.

ಬ್ಯಾರೆ ಕಡಿ ಆಗಿದ್ರ ತಪ್ಪು ತಿದ್ದಿ ಮುಂದ ಹೋಗ್ತಿದ್ರು, ಇಲ್ಲೆ ಆ ಒಂದು ಶಬ್ದದ ಮ್ಯಾಲೆ ಮುಕ್ಕಾಲು ತಾಸು ಹೋತು. ಇಂಗ್ಲಿಷ್ ಗಿಫ್ಟ್, ಜರ್ಮನ್ ಗಿಫ್ಟ್ ಎರಡೂ ಒಂದ ಬೇರಿನವು, 'ಕೊಡು' ಅನ್ನೋ ಬೇರು, ಜರ್ಮನ್ ಗೇಬೆನ್, ಇಂಗ್ಲಿಷ್ ಗಿವ್. ಗ್ರೀಕ್‌ದಾಗ ಔಷಧ ಕೊಡೋ ಅಳತಿಗೆ ಡೋಸಿಸ್ ಅಂತಿದ್ರು, ಅದರರ್ಥಾನೂ ಕೊಡೋದು ಅಂತನ, ನಮ್ಮ ಡೋಸ್ ಅಲ್ಲಿಂದನ ಬಂದದ್ದು, ಸಂಸ್ಕೃತದ ದಾನ ಅದರ ದಾಯಾದಿ. ಲ್ಯಾಟಿನ್‌ದಾಗ ಸೇರಿದ ಆ ಡೋಸಿಸ್ಸನ್ನ ಹಳೇ ಜರ್ಮನ್‌ದವರು ಗಿಫ್ಟ್ ಅಂತ ತಮ್ಮ ಭಾಷಾಕ್ಕ ತಂದ್ರು, ವಿಷಕ್ಕ ನೇರ ಹೆಸರು ಹೇಳೂದರ ಬದಲಿ ಮೆತ್ತಗ 'ಕೊಟ್ಟದ್ದು' ಅನ್ಕೋತ ಅನ್ಕೋತ ಕೊನಿಗೆ ವಿಷಾನ ಉಳೀತು. ನಾವು ಹತ್ತಿಗೆ ಔಷಧ ಹೊಡಿಯೋದು ಅಂತೀವಲ್ಲ, ಹುಳಕ್ಕ ಅದು ವಿಷಾನ. ಊಟದಾಗ ಮದ್ದು ಹಾಕ್ಯಾರ ಅಂತಾನೂ ಅಂತೀವಿ, ಮದ್ದು ಅಂದ್ರ ಔಷಧಾನ ಅಲ್ಲೇನ್ರಿ?

ಸ್ವೀಡಿಶ್, ಡೇನಿಶ್‌ದಾಗ ಇನ್ನೂ ಮಜಾ ಅದ, ಗಿಫ್ಟ್ ಅಂದ್ರ ವಿಷಾನೂ ಹೌದು, ಮದಿವಿ ಆದವರು ಅಂತಾನೂ ಹೌದು. ಹಳೇ ಇಂಗ್ಲಿಷ್‌ದಾಗ ಇದನ್ನ ಯಿಫ್ಟ್ ಅಂತಿದ್ರು, ಹೆಣ್ಣಿಗೆ ಕೊಡೋ ತೆರ ಅಂತ ಅರ್ಥ. ಈಗಿನ ಗ ಸಪ್ಪಳದ ಗಿಫ್ಟ್ ವೈಕಿಂಗ್ ಮಂದಿ ಮಾತಿನಿಂದ ಬಂದದ್ದು. ಜರ್ಮನ್‌ದಾಗ ವರದಕ್ಷಿಣಿಗೆ ಮಿಟ್‌ಗಿಫ್ಟ್, ಜೋಡಿ ಕೊಟ್ಟು ಕಳಿಸಿದ್ದು, ಅಲ್ಲೆ ಮಾತ್ರ ಹಳೇ ಅರ್ಥ ಉಳದದ.

ನನಗ ಒಮ್ಮೆಲೆ ಅವ್ವನ ಮಾತು ನೆನಪಾತು, "ಹಿರೇಮಗಳನ್ನ ಪುಣೆಕ್ಕ ಕೊಟ್ಟೇವಿ" ಅಂತ ಎಲ್ಲಾರಿಗೂ ಹೇಳ್ತಾಳ. ಕೊಡೋದು ಅಂದ್ರ ಮದಿವಿ ಮಾಡಿ ಕೊಡೋದು. ಕೈ ಎತ್ತಿ ಇದನ್ನ ಹೇಳಿದೆ, ಮೇಡಂ ಕನ್ನಡದ ಕೊಡು ಅನ್ನೋದನ್ನ ನನ್ನ ಕಡಿಂದನ ಬೋರ್ಡ್ ಮ್ಯಾಲೆ ಬರಸಿದ್ರು, ಗೇಬೆನ್ ಬಾಜೂಕ. ಅವತ್ತಿನಿಂದ ಗೇಬೆನ್, ಗಿಬ್ಟ್, ಗಾಬ್ (ಕೊಡು, ಕೊಡ್ತಾನ, ಕೊಟ್ಟ) ಒಂದೂ ಮರತಿಲ್ಲ. ಮೊದಲಿನ ಕ್ಲಾಸಿನ್ಯಾಗ ಇದ ಕ್ರಿಯಾಪದ 20 ಸಲ ಬರದ್ರೂ ತಲಿಗೆ ಹತ್ತಿರಲಿಲ್ಲ.

ಕೊರತಿ ಅವ. ಲಿಸನಿಂಗ್ ಪ್ರಾಕ್ಟೀಸ್ ಭಾಳ ಕಡಿಮಿ, ಸಣ್ಣ ಸ್ಪೀಕರ್ ಒಂದ ಅದ, ಹಿಂದ ಕೂತವರಿಗೆ ಕೇಳಂಗಿಲ್ಲ. ಝೆರಾಕ್ಸ್ ನೋಟ್ಸ್ ಮಸುಕು. ಪರೀಕ್ಷಾದ ಹಳೇ ಪೇಪರ್ ಕೊನೇ 2 ವಾರದಾಗ ಮಾತ್ರ ಮಾಡಿಸಿದ್ರು, ವೀಸಾ ಸಲುವಾಗಿ ಅರ್ಜೆಂಟ್ ಸರ್ಟಿಫಿಕೇಟ್ ಬೇಕಾದವರಿಗೆ ಇದು ಹೊಂದಂಗಿಲ್ಲ, ಅವರು ಬ್ಯಾರೆ ನೋಡ್ರಿ. ಗಾಡಿ ಹಚ್ಚಲಿಕ್ಕೂ ಜಾಗಾ ಇಲ್ಲ, ಬಸ್ ಛಲೋ.

5ಕ್ಕ 4 ಕೊಡ್ತೀನಿ. ಮುಂದಿನ ಹಂತ ಎ2ಗೂ ಅಲ್ಲೇ ರೊಕ್ಕ ಕಟ್ಟೇನಿ.