ಟಿಕೆಟ್ ಅಸಲಿಯೇ ಆಗಿತ್ತು, ಆದರೂ ಗೇಟಿನಿಂದ ವಾಪಸ್ ಬಂದೆವು: ಐಪಿಎಲ್ ಟಿಕೆಟ್ ಹುಡುಕುತ್ತಿರುವವರು ದಯವಿಟ್ಟು ಓದಿ

ಐಪಿಎಲ್ ಟಿಕೆಟ್ ಸಿಗಲಿಲ್ಲ ಅಂತ ಟೆಲಿಗ್ರಾಮ್ ಗ್ರೂಪಿನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಹುಡುಕುತ್ತಿದ್ದೀರಾ? ಯಾರಾದರೂ ಕ್ಯೂಆರ್ ಕೋಡ್ ಇರುವ ಟಿಕೆಟಿನ ಸ್ಕ್ರೀನ್‌ಶಾಟ್ ಕಳಿಸಿ, ದುಡ್ಡು ಹಾಕಿ ಅಂದರೆ ಹಾಕಬೇಡಿ. ಟಿಕೆಟ್ ಅಸಲಿ ಅಂತ ನೂರಕ್ಕೆ ನೂರು ಖಾತ್ರಿಯಾದರೂ ಹಾಕಬೇಡಿ. ನಮಗೆ ಬಂದದ್ದೂ ಅಸಲಿ ಟಿಕೆಟ್ಟೇ. ಆದರೂ ದುಡ್ಡು ಹೋಯಿತು, ಪಂದ್ಯವೂ ಹೋಯಿತು.

ಇದು 2025ರ ಸೀಸನ್ನಿನ ಮಾತು. ನಮ್ಮ ಭಾವ ಅರಸೀಕೆರೆಯವರು, ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಅಕ್ಕನ ಮಗಳಿಗೆ ಕ್ರಿಕೆಟ್ ಅಂದರೆ ಪ್ರಾಣ. ಕೊಹ್ಲಿಯನ್ನು ಒಂದು ಸಲ ಕಣ್ಣಾರೆ ನೋಡಬೇಕು ಅನ್ನೋದು ಅವಳ ಆಸೆ. ಬೇಸಿಗೆ ರಜೆ ಬೇರೆ. "ಒಂದು ಮ್ಯಾಚಿಗೆ ಕರ್ಕೊಂಡು ಹೋಗಣಪ್ಪ, ಎಷ್ಟಾಗುತ್ತೆ ನೋಡು" ಅಂತ ಭಾವ ಫೋನ್ ಮಾಡಿದರು. ನೋಡಿದೆ. ಆ ವರ್ಷ ಬೆಂಗಳೂರಿನ ಪಂದ್ಯಗಳಿಗೆ ಅತಿ ಕಡಿಮೆ ಟಿಕೆಟ್ 2,300 ರೂಪಾಯಿ. ಜಾಸ್ತಿ ಅಂದರೆ 42,000 ದಾಟಿತ್ತು. ಅದೇ ಸೀಸನ್ನಿನಲ್ಲಿ ಚೆನ್ನೈನಲ್ಲಿ 1,700ರಿಂದ ಶುರುವಾಗಿ 7,500ಕ್ಕೆ ಮುಗಿದಿತ್ತು. ಮೂರು ಜನಕ್ಕೆ 6,900. ಜೊತೆಗೆ ರೈಲು, ಊಟ, ಮೆಟ್ರೋ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಒಂದ್ಸಲ ತಾನೇ" ಅಂದರು.

ಬುಕಿಂಗ್ ತೆರೆಯೋ ಹೊತ್ತಿಗೆ ಸರಿಯಾಗಿ ಆ್ಯಪ್ ತೆರೆದು ಕೂತೆ. ಪರದೆ ಮೇಲೆ ಒಂದು ಸರದಿ ಸಂಖ್ಯೆ ಬಂತು. ಅದು ನಿಧಾನಕ್ಕೆ ಇಳಿಯುತ್ತಾ ಹೋಯಿತು. ಒಳಗೆ ಬಿಟ್ಟಾಗ 2,300ರ ಸ್ಟ್ಯಾಂಡುಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದ್ದವು. ಅದರ ಮೇಲಿನ ದರದವೂ ಖಾಲಿ. ಉಳಿದಿದ್ದು ಐದಂಕಿಯವು ಮಾತ್ರ. ಒಂದು ಸೀಟಿನ ಬೆಲೆ ಭಾವನ ಅಂಗಡಿಯ ತಿಂಗಳ ಬಾಡಿಗೆಗಿಂತ ಜಾಸ್ತಿ.

ಈ "ಇಷ್ಟರಿಂದ ಶುರು" ಅನ್ನೋ ದರದ ಬಗ್ಗೆ ಒಂದು ಮಾತು ಹೇಳಲೇಬೇಕು. ಪತ್ರಿಕೆಯಲ್ಲಿ, ಜಾಹೀರಾತಿನಲ್ಲಿ ಕಾಣೋದು ಅದೊಂದೇ. ಆ ದರದಲ್ಲಿ ಎಷ್ಟು ಸೀಟು ಮಾರಾಟಕ್ಕಿವೆ ಅಂತ ಯಾರೂ ಹೇಳೋದಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಿಡಿಸೋದೇ ಸುಮಾರು 35,000 ಜನ. ಅಹಮದಾಬಾದಿನದಕ್ಕೆ 1,32,000. ಬೆಂಗಳೂರಿನಂಥ ಊರಿಗೆ ಅಷ್ಟು ಚಿಕ್ಕ ಮೈದಾನ. ಅದರಲ್ಲೂ ಸದಸ್ಯರಿಗೆ, ಪ್ರಾಯೋಜಕರಿಗೆ, ಪಾಸಿನವರಿಗೆ ಅಂತ ಹೋದ ಮೇಲೆ ಉಳಿದದ್ದು ನಮ್ಮಂಥವರಿಗೆ. ಎಷ್ಟು ಉಳಿಯಿತು ಅನ್ನೋದನ್ನಾದರೂ ಪಂದ್ಯಕ್ಕೆ ಮುಂಚೆ ಪ್ರಕಟಿಸಬೇಕು. ಕೇಳೋದಕ್ಕೆ ನಮಗೆ ಹಕ್ಕಿದೆ ಅಂತಲೇ ನನ್ನ ಅಭಿಪ್ರಾಯ.

ಮೋಸಗಾರರು ಕಾದಿರೋದು ಈ ಹೊತ್ತಿಗೇ. ಆ್ಯಪ್‌ನಲ್ಲಿ "ಸೋಲ್ಡ್ ಔಟ್" ಅಂತ ಬಂದ ಕೂಡಲೇ ಗ್ರೂಪುಗಳಲ್ಲಿ ಸಂದೇಶಗಳು ಶುರು. "ಎರಡು ಟಿಕೆಟ್ ಇದೆ, ಊರಿಗೆ ಹೋಗಬೇಕಾಗಿದೆ", "ಆಫೀಸಲ್ಲಿ ರಜೆ ಸಿಗಲಿಲ್ಲ", "ಲಾಭ ಬೇಡ, ಹಾಕಿದ ದುಡ್ಡು ಬಂದರೆ ಸಾಕು". ನಮಗೆ ಸಿಕ್ಕವನು ಒಂದಕ್ಕೆ 5,500 ಕೇಳಿದ. ಬ್ಲ್ಯಾಕ್‌ನಲ್ಲಿ ಬೇರೆಯವರು ಹೇಳುತ್ತಿದ್ದ ದರಕ್ಕಿಂತ ಕಡಿಮೆ. ಆ್ಯಪ್‌ನಲ್ಲಿ ಉಳಿದಿದ್ದ ಸೀಟಿಗಿಂತಲೂ ತುಂಬಾ ಕಡಿಮೆ. ತೀರಾ ಅಗ್ಗವಾಗಿದ್ದರೆ ಯಾರಿಗಾದರೂ ಅನುಮಾನ ಬರುತ್ತೆ. ಅವನು ಅನುಮಾನವೂ ಬರಬಾರದು, ಕೈ ಬಿಡೋಕೂ ಮನಸ್ಸಾಗಬಾರದು, ಅಂಥ ದರ ಇಟ್ಟಿದ್ದ.

ನೋಡಬೇಕಾದ್ದನ್ನೆಲ್ಲ ನೋಡಿದೆವು. ಬುಕಿಂಗ್ ಮಾಡಿದ ಇಮೇಲ್ ತೋರಿಸು ಅಂದೆವು, ತೋರಿಸಿದ. ವಿಡಿಯೋ ಕಾಲ್‌ನಲ್ಲಿ ಆ್ಯಪ್ ತೆರೆದು "ನನ್ನ ಬುಕಿಂಗ್‌ಗಳು" ಅನ್ನೋ ಜಾಗಕ್ಕೆ ಹೋಗಿ ಮೂರೂ ಟಿಕೆಟ್ ತೋರಿಸಿದ. ಸ್ಟ್ಯಾಂಡ್, ಸಾಲು, ಸೀಟು ಎಲ್ಲ ಸರಿಯಾಗಿತ್ತು. ಆಧಾರ್ ಕಾರ್ಡಿನ ಫೋಟೋ ಕೂಡ ಕಳಿಸಿದ. ಕನ್ನಡದಲ್ಲೇ, ಮರ್ಯಾದೆಯಿಂದ ಮಾತಾಡಿದ. ಮೊದಲು ಅರ್ಧ ಹಾಕಿ, ಟಿಕೆಟ್ ಕಳಿಸಿದ ಮೇಲೆ ಉಳಿದದ್ದು ಹಾಕಿ ಅಂದ. ಹಾಗೇ ಮಾಡಿದೆವು. ಟಿಕೆಟ್ ಬಂತು. ಕ್ಯೂಆರ್ ಕೋಡ್ ಸ್ಪಷ್ಟವಾಗಿತ್ತು.

ಪಂದ್ಯದ ದಿನ ಸಂಜೆ ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು ಜನರ ಜೊತೆ ನಡೆದೆವು. ಹುಡುಗಿಗೆ ಫುಟ್‌ಪಾತ್ ಮೇಲೆ ಕೆಂಪು ಜೆರ್ಸಿ ಕೊಡಿಸಿದೆವು. ಕೆನ್ನೆ ಮೇಲೆ ಬಣ್ಣ ಬರೆಸಿಕೊಂಡಳು. ಪೊಲೀಸರ ತಪಾಸಣೆ ದಾಟಿ ಟಿಕೆಟ್ ಸ್ಕ್ಯಾನ್ ಮಾಡುವ ಕಡೆ ಬಂದೆವು. ನಮ್ಮ ಮುಂದಿನವರದ್ದು "ಟಿಣ್" ಅಂತ ಹಸಿರು ಬಂತು. ನಮ್ಮದು ಕೆಂಪು. ಆ ಹುಡುಗ ಫೋನಿನ ಬೆಳಕು ಜಾಸ್ತಿ ಮಾಡಿಸಿ ಇನ್ನೊಮ್ಮೆ ಹಿಡಿದ. ಮತ್ತೆ ಕೆಂಪು. ಉಳಿದೆರಡೂ ಹಾಗೇ.

"ಸರ್, ಈ ಟಿಕೆಟ್ ಆಗ್ಲೇ ಒಳಗೆ ಹೋಗಿದೆ" ಅಂದ.

ಅವನನ್ನು ಬೈಯೋ ಹಾಗಿರಲಿಲ್ಲ, ಅವನ ಕೆಲಸ ಅವನು ಮಾಡಿದ್ದ. "ಪಕ್ಕಕ್ಕೆ ಬನ್ನಿ ಸರ್, ಹಿಂದೆ ಜನ ಇದಾರೆ" ಅಂದಾಗ ಪಕ್ಕಕ್ಕೆ ಬಂದೆವು. ಅಲ್ಲಿ ಆಗಲೇ ಇನ್ನೊಂದಷ್ಟು ಜನ ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದರು. ಕಾಲೇಜು ಹುಡುಗರಿಬ್ಬರ ಫೋನಿನಲ್ಲಿ ನಮ್ಮದೇ ಸೀಟ್ ನಂಬರ್ ಇತ್ತು. ಅದೇ ಸಾಲು, ಅದೇ ಕೋಡ್. ಅವರಿಗೆ 6,000ದಂತೆ ಮಾರಿದ್ದ. ಆಗ ಎಲ್ಲ ಅರ್ಥವಾಯಿತು. ಒಂದೇ ಸೈಟನ್ನು ಹತ್ತು ಜನಕ್ಕೆ ರಿಜಿಸ್ಟರ್ ಮಾಡಿಕೊಟ್ಟ ಹಾಗೆ, ಒಂದೇ ಟಿಕೆಟನ್ನು ಎಷ್ಟೋ ಜನಕ್ಕೆ ಮಾರಿದ್ದ. ಮೊದಲು ಗೇಟಿಗೆ ಬಂದವರು ಒಳಗೆ, ಉಳಿದವರೆಲ್ಲ ಹೊರಗೆ.

ಟಿಕೆಟ್ ಅಸಲಿ ಹೌದೋ ಅಲ್ಲವೋ ಅಂತ ಎಷ್ಟು ಪರೀಕ್ಷೆ ಮಾಡಿದರೂ ಪ್ರಯೋಜನವಿಲ್ಲ. ಅದು ಅಸಲಿಯೇ. ಇನ್ನೂ ಯಾರಿಗೆ ಮಾರಿದ್ದಾನೆ ಅನ್ನೋದು ಮುಖ್ಯ, ಅದನ್ನು ತಿಳಿಯೋ ದಾರಿ ನಮಗಿಲ್ಲ. ವಿಡಿಯೋ ಕಾಲ್, ಇಮೇಲ್, ಆಧಾರ್ ಯಾವುದೂ ಅದನ್ನು ಹೇಳೋದಿಲ್ಲ. ಆಧಾರ್ ಫೋಟೋ ಅಂತೂ ನಂಬಲೇಬೇಡಿ. ಹೀಗೇ ಮೋಸ ಹೋದ ಇನ್ಯಾರದೋ ಕಾರ್ಡ್ ಆಗಿರಬಹುದು. ದುಡ್ಡು ಹಾಕಿಸಿಕೊಳ್ಳುವ ಖಾತೆಯ ಹೆಸರಿಗೂ ಕಾರ್ಡಿನ ಹೆಸರಿಗೂ ತಾಳೆಯಾಗದಿದ್ದರೆ "ತಮ್ಮನ ನಂಬರ್" ಅಂತಾರೆ. ನಮ್ಮ ಹತ್ತಿರವೂ ಹಾಗೇ ಅಂದ.

"ಮಾಮ, ಬೇರೆಯವರೆಲ್ಲ ಒಳಗೆ ಹೋದ್ರಲ್ಲ, ನಮ್ಮನ್ಯಾಕೆ ಬಿಡ್ತಿಲ್ಲ?" ಅಂತ ಹುಡುಗಿ ಕೇಳಿದಳು. ಒಳಗೆ ಟಾಸ್ ಆಗಿತ್ತು, ಕೂಗು ಕೇಳಿಸುತ್ತಿತ್ತು. ಭಾವನಿಗೆ ಮಾತೇ ಹೊರಡಲಿಲ್ಲ. ದುಡ್ಡು ಹೋಗಿದ್ದಕ್ಕಿಂತ ಆ ಪ್ರಶ್ನೆಗೇ ನನಗೆ ಜಾಸ್ತಿ ಸಂಕಟವಾಯಿತು. ಈ ಬರಹ ಬರೆಯೋದಕ್ಕೂ ಅದೇ ಕಾರಣ.

"ಬ್ಲ್ಯಾಕ್‌ನಲ್ಲಿ ಯಾಕೆ ತಗೊಂಡ್ರಿ?" ಅಂತ ಸುಲಭವಾಗಿ ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ. ಸರಿಯಾದ ದರದಲ್ಲಿ ಸಾಕಷ್ಟು ಟಿಕೆಟ್ ಸಿಗುತ್ತಿದ್ದರೆ ಅರಸೀಕೆರೆಯ ಮನುಷ್ಯ ಗೊತ್ತುಗುರಿ ಇಲ್ಲದವನಿಗೆ 16,500 ಹಾಕುತ್ತಿರಲಿಲ್ಲ. ಬೆಲೆ ಏರಿಸಿ, ಸೀಟು ಮುಚ್ಚಿಟ್ಟು, ಕೊಳ್ಳಲಾಗದವರನ್ನು ಹೊರಗೆ ನಿಲ್ಲಿಸಿದರೆ ಹೊರಗೆ ನಿಂತವರ ಸುತ್ತ ಇಂಥವರು ಸೇರಿಕೊಳ್ಳುತ್ತಾರೆ.

ಅದರ ಮೇಲೆ ತೆರಿಗೆ. ಆಗ ಐಪಿಎಲ್ ಟಿಕೆಟಿಗೆ ಜಿಎಸ್‌ಟಿ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಯಿತು. 1,000 ರೂಪಾಯಿಯ ಟಿಕೆಟ್ 1,280ಕ್ಕೆ ಸಿಗುತ್ತಿದ್ದದ್ದು 1,400 ಆಯಿತು. ಕ್ಯಾಸಿನೋಗೆ ಹಾಕುವ ದರವನ್ನೇ ಮಗುವಿಗೆ ಕ್ರಿಕೆಟ್ ತೋರಿಸೋದಕ್ಕೂ ಹಾಕಿದ್ದಾರೆ. ಮಾನ್ಯತೆ ಪಡೆದ ಬೇರೆ ಪಂದ್ಯಗಳಿಗೆ, ಅಂದರೆ ಭಾರತ ಆಡುವ ಟೆಸ್ಟ್, ಏಕದಿನದಂಥವಕ್ಕೆ 500 ರೂಪಾಯಿವರೆಗೆ ತೆರಿಗೆ ಇಲ್ಲ, ಅದಕ್ಕೆ ಮೇಲ್ಪಟ್ಟರೆ ಶೇ 18. ಟಿಕೆಟ್ ಲೆಕ್ಕ ಹಾಕುವಾಗ ಇದು ನೆನಪಿರಲಿ.

ಇದು ನಮ್ಮ ಊರಿನ ಕಥೆ ಮಾತ್ರವೂ ಅಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊದಲ್ಲಿ 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಅದನ್ನು ನಡೆಸುವ ಸಂಸ್ಥೆ ಫೀಫಾ, ವಿಶ್ವಕಪ್‌ನಲ್ಲೇ ಮೊದಲ ಸಲ, ಬೇಡಿಕೆ ನೋಡಿ ದರ ಏರಿಳಿಸುವ ಪದ್ಧತಿ ತಂದಿತು. ಫೈನಲ್ಲಿನ ದುಬಾರಿ ಸಾಮಾನ್ಯ ಸೀಟಿಗೆ ಶುರುವಿನಲ್ಲೇ 6,730 ಡಾಲರ್ ಇಟ್ಟರು. ಅಭಿಮಾನಿಗಳು ಗಲಾಟೆ ಮಾಡಿದ ಮೇಲೆ, 2025ರ ಡಿಸೆಂಬರ್‌ನಲ್ಲಿ, 60 ಡಾಲರ್‌ನ ಒಂದಷ್ಟು ಟಿಕೆಟ್ ಕೊಡುತ್ತೇವೆ ಅಂದರು. ಅಲ್ಲಿ ಮರುಮಾರಾಟದ ಅಧಿಕೃತ ತಾಣವನ್ನೂ ಫೀಫಾ ತಾನೇ ನಡೆಸಿತು. ಮಾರುವವರಿಂದ ಶೇ 15, ಕೊಳ್ಳುವವರಿಂದ ಶೇ 15 ಹೊಡೆದರು. ಸುಲಿಗೆ ಅನ್ನಿ, ನಾನೂ ಒಪ್ಪುತ್ತೇನೆ. ಆದರೆ ಆ ತಾಣದಲ್ಲಿ ಟಿಕೆಟ್ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹೋಗುತ್ತಿತ್ತು, ಸ್ಕ್ರೀನ್‌ಶಾಟ್ ಆಟ ನಡೆಯುತ್ತಿರಲಿಲ್ಲ. ಟಿಕೆಟ್ ಕೊಂಡು ಬರಲಾಗದವರು ಆ್ಯಪ್‌ನಲ್ಲೇ ಅದೇ ದರಕ್ಕೆ ವಾಪಸ್ ಮಾರುವ ವ್ಯವಸ್ಥೆ ಇಲ್ಲೂ ಎಲ್ಲ ಪಂದ್ಯಕ್ಕೂ ಇರಬೇಕು. ಅಷ್ಟಾದರೆ ಬ್ಲ್ಯಾಕ್ ದಂಧೆಯ ಅರ್ಧ ಬೇರು ಕಿತ್ತುಹೋಗುತ್ತೆ.

ಜನ ಗಟ್ಟಿಯಾಗಿ ಕೇಳಿದರೆ ಆಗುತ್ತೆ ಅನ್ನೋದಕ್ಕೆ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್ ಇದೆ. 2016ರ ಫೆಬ್ರವರಿಯಲ್ಲಿ ಆ ಕ್ಲಬ್ ಹೊಸ ಸ್ಟ್ಯಾಂಡಿನ ದುಬಾರಿ ಟಿಕೆಟಿಗೆ 77 ಪೌಂಡ್ ಇಡಲು ಹೊರಟಿತು. ಸುಮಾರು 10,000 ಅಭಿಮಾನಿಗಳು ಪಂದ್ಯದ 77ನೇ ನಿಮಿಷಕ್ಕೆ ಎದ್ದು ಹೊರನಡೆದರು. ತಂಡ 2-0 ಮುಂದಿತ್ತು, ಆದರೂ ಎದ್ದರು. ಕೆಲವೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ದರ ಕೈಬಿಟ್ಟರು.

ನಮ್ಮಲ್ಲಿ ಕಡಿಮೆ ದರದ ಪಂದ್ಯ ಆಗೋದೇ ಇಲ್ಲ ಅಂತಲ್ಲ. 2025ರ ಮಹಿಳಾ ವಿಶ್ವಕಪ್‌ನ ಲೀಗ್ ಪಂದ್ಯಗಳಿಗೆ ಟಿಕೆಟ್ 100 ರೂಪಾಯಿಯಿಂದ ಶುರುವಾಗಿತ್ತು. ಆ ಪಂದ್ಯಗಳು ಬೆಂಗಳೂರಿನಲ್ಲೂ ನಡೆಯಬೇಕಿತ್ತು. ಜೂನ್ 4ರಂದು ಆರ್‌ಸಿಬಿ ಐಪಿಎಲ್ ಗೆದ್ದ ಸಂಭ್ರಮಕ್ಕೆ ಸೇರಿದ್ದ ಜನರ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ಅವು ನವಿ ಮುಂಬೈಗೆ ಹೋದವು. ಆ ದಿನ ಬೀದಿಗೆ ಬಂದವರಲ್ಲಿ ಎಷ್ಟು ಜನಕ್ಕೆ ಒಂದು ಪಂದ್ಯದ ಟಿಕೆಟ್ ಕೊಳ್ಳೋ ಶಕ್ತಿ ಇತ್ತು? ತಮ್ಮ ತಂಡವನ್ನು ದುಡ್ಡಿಲ್ಲದೆ ಹತ್ತಿರದಿಂದ ನೋಡೋಕೆ ಸಿಕ್ಕ ಒಂದೇ ದಿನ ಅದು ಅಂತ ಎಷ್ಟೋ ಜನ ಬಂದಿರಬೇಕು. ಹೀಗೆ ಯೋಚಿಸಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಅದೇ ವರ್ಷ ಜನವರಿಯಲ್ಲಿ ಕೊಹ್ಲಿ ದೆಹಲಿ ಪರ ರಣಜಿ ಆಡಿದಾಗ ಪ್ರವೇಶ ಉಚಿತವಾಗಿತ್ತು. ಬೆಳಗಿನ ಜಾವದಿಂದಲೇ ಸಾವಿರಾರು ಜನ ಸಾಲು ನಿಂತಿದ್ದರು. ಕ್ರಿಕೆಟ್ ನೋಡುವ ಆಸೆ ಎಲ್ಲೂ ಹೋಗಿಲ್ಲ.

ಈಗ ಕೆಲಸಕ್ಕೆ ಬರುವ ಮಾತು. ಟಿಕೆಟ್ ತಗೊಳ್ಳೋದಾದರೆ ತಂಡ ತಾನೇ ಹೇಳಿದ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಮಾತ್ರ ತಗೊಳ್ಳಿ. ಹುಡುಕಾಟದಲ್ಲಿ ಮೇಲೆ ಬರುವ ಲಿಂಕ್ ಒತ್ತಬೇಡಿ, ಅದೇ ಥರ ಕಾಣುವ ನಕಲಿ ಸೈಟುಗಳಿರುತ್ತವೆ. ಆ್ಯಪ್‌ನಲ್ಲಿ ಟಿಕೆಟನ್ನು ಇನ್ನೊಬ್ಬರ ನಂಬರಿಗೆ ವರ್ಗಾಯಿಸುವ ಸೌಲಭ್ಯ ಇದ್ದು, ಅದು ನಿಮ್ಮ ಖಾತೆಗೇ ಬಂದರೆ ಆಗ ಮಾತ್ರ ಟಿಕೆಟ್ ನಿಮ್ಮದು. ಅದಿಲ್ಲದಿದ್ದರೆ ಪರಿಚಯದವರ ಪರಿಚಯದವರಿಂದಲೂ ಬೇಡ. ನಿಮ್ಮದೇ ಟಿಕೆಟಿನ ಫೋಟೋವನ್ನು ಖುಷಿಗೆ ಸ್ಟೇಟಸ್‌ಗೆ ಹಾಕಲೂ ಬೇಡಿ. ಕೋಡ್ ಕಂಡರೆ ಸಾಕು, ಅದನ್ನೇ ಇನ್ನೊಬ್ಬ ಮಾರಬಹುದು.

ಈಗಾಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯುಪಿಐ ಆ್ಯಪ್‌ನಲ್ಲಿ ಪಾವತಿ ವಿವರ ತೆರೆದರೆ ಯುಟಿಆರ್ ನಂಬರ್, ಅಂದರೆ ಆ ಪಾವತಿಯ ಗುರುತಿನ ಸಂಖ್ಯೆ ಸಿಗುತ್ತೆ, ಅದನ್ನು ಕೈಯಲ್ಲಿಟ್ಟುಕೊಳ್ಳಿ. ಅವನ ಚಾಟ್ ಅಳಿಸಬೇಡಿ, ಗ್ರೂಪಿನಿಂದ ಹೊರಬರುವ ಮುಂಚೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಸಿಟ್ಟಿನಲ್ಲಿ ಅವನಿಗೆ "ಪೊಲೀಸರಿಗೆ ಹೇಳ್ತೀನಿ" ಅಂತ ಮೆಸೇಜ್ ಹಾಕಬೇಡಿ. ಆ ಕ್ಷಣವೇ ಖಾತೆ ಖಾಲಿ ಮಾಡುತ್ತಾನೆ. ಬೇಗ ದೂರು ಕೊಟ್ಟಷ್ಟೂ ಆ ದುಡ್ಡನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನಮ್ಮ ಭಾವ ಗೇಟಿನ ಪಕ್ಕದಲ್ಲಿ ನಿಂತೇ ಫೋನ್ ಮಾಡಿದ್ದರಿಂದ ಆ ಖಾತೆಯಲ್ಲಿ ಉಳಿದಿದ್ದ 4,000 ಚಿಲ್ಲರೆಗೆ ತಡೆ ಬಿತ್ತು. ಅದು ವಾಪಸ್ ಬರೋಕೆ ಕೋರ್ಟ್ ಆದೇಶ ಬೇಕು ಅಂತ ಆಗ ಹೇಳಿದ್ದರು, ಓಡಾಡುತ್ತಿದ್ದೇವೆ. ಆ ಕಾಲೇಜು ಹುಡುಗರು ಮನೆಯಲ್ಲಿ ಬೈತಾರೆ ಅಂತ ದೂರು ಕೊಡೋಕೇ ಹೆದರಿದ್ದರು. ನಿಮ್ಮ ಮನೆಯಲ್ಲೂ ಹಾಗೆ ಹೆದರಿ ಸುಮ್ಮನಿರುವ ಮಕ್ಕಳಿದ್ದರೆ ಬೈಯದೆ ಪಕ್ಕದಲ್ಲಿ ಕೂರಿಸಿಕೊಂಡು ದೂರು ಕೊಡಿಸಿ.