ಹತ್ತು ತಂತಿಯ ಚಾಪ್‌ಮನ್ ಸ್ಟಿಕ್: ಮೆಲೊಡಿ ಬದಿಯನ್ನು ಎರಡು ಫ್ರೆಟ್ ಇಳಿಸಿದರೆ ಏನಾಗುತ್ತದೆ

ಚಾಪ್‌ಮನ್ ಸ್ಟಿಕ್ ಎಂದರೆ ಉದ್ದ ಹಲಗೆಯ ಮೇಲಿನ ತಂತಿಗಳನ್ನು ಎರಡೂ ಕೈಬೆರಳುಗಳಿಂದ ಫ್ರೆಟ್‌ಗಳಿಗೆ (ಲೋಹದ ಅಡ್ಡಪಟ್ಟಿಗಳಿಗೆ) ತಟ್ಟಿ ನುಡಿಸುವ ವಾದ್ಯ: ಐದು ತಂತಿ ಮೆಲೊಡಿ ಬದಿಗೆ, ಐದು ಬೇಸ್ ಬದಿಗೆ. ನಾಲ್ಕನೇ ತಂತಿ ಮತ್ತು ಒಂಬತ್ತನೇ ತಂತಿ. ಎರಡನ್ನೂ ಏಳನೇ ಫ್ರೆಟ್‌ನಲ್ಲಿ ಒಟ್ಟಿಗೆ ತಟ್ಟಿ ಹಿಡಿಯಿರಿ. ಶ್ರುತಿ ಕೂಡಿದ್ದರೆ ಒಂದೇ ತಂತಿ ನುಡಿದಂತೆ ಕೇಳಿಸುತ್ತದೆ. ಕೂದಲೆಳೆಯಷ್ಟು ತಪ್ಪಿದ್ದರೂ ನಾದ ಅಲೆ ಅಲೆಯಾಗಿ ತೂಗಾಡುತ್ತದೆ. ಎರಡೂ ಬದಿಗೆ ಅವೇ ಸ್ವರಗಳನ್ನು ಕೊಡುವ ಮ್ಯಾಚ್ಡ್ ರೆಸಿಪ್ರೋಕಲ್ ಶ್ರುತಿಯನ್ನು ಬಿಡಲಾಗದಂತೆ ಮಾಡಿದ್ದು ಈ ಒಂದು ಜೋಡಿ.

ಕ್ಲಾಸಿಕ್ ಶ್ರುತಿಯಲ್ಲಿ ಮೆಲೊಡಿ ಬದಿ ಒಂದನೇ ತಂತಿಯಿಂದ ಡಿ, ಎ, ಇ, ಬಿ, ಎಫ್ ಶಾರ್ಪ್ ಎಂದು ಸ–ಮ ಅಂತರದಲ್ಲಿ ಇಳಿಯುತ್ತದೆ. ಬೇಸ್ ಬದಿ ಆರನೇ ತಂತಿಯಿಂದ ಸಿ, ಜಿ, ಡಿ, ಎ, ಇ ಎಂದು ಸ–ಪ ಅಂತರದಲ್ಲಿ ಏರುತ್ತದೆ. ಮೆಲೊಡಿಯ ಐದೂ ತಂತಿಗಳನ್ನು ಎರಡು ಫ್ರೆಟ್‌ನಷ್ಟು ಇಳಿಸಿದರೆ ಅಲ್ಲೂ ಸಿ, ಜಿ, ಡಿ, ಎ, ಇ. ಇದೇ ಮ್ಯಾಚ್ಡ್ ರೆಸಿಪ್ರೋಕಲ್. ಮಧ್ಯಮ ಇಳಿದರೂ ಪಂಚಮ ಏರಿದರೂ ಮುಟ್ಟುವ ಸ್ವರದ ಹೆಸರು ಒಂದೇ ಆದ್ದರಿಂದ ಒಂದೇ ಫ್ರೆಟ್‌ನಲ್ಲಿ 6ಕ್ಕೆ 1, 7ಕ್ಕೆ 2, 8ಕ್ಕೆ 3, 9ಕ್ಕೆ 4, 10ಕ್ಕೆ 5 ಸಮನಾಗಿ ನಿಲ್ಲುತ್ತವೆ. 6–1 ನಡುವೆ ಮೂರು ಸ್ಥಾಯಿ, 7–2 ನಡುವೆ ಎರಡು, 8–3 ನಡುವೆ ಒಂದು, 9–4 ಒಂದೇ ಸ್ಥಾಯಿ. 10–5ರಲ್ಲಿ ಬೇಸ್ ತಂತಿಯೇ ಒಂದು ಸ್ಥಾಯಿ ಮೇಲೆ.

ಬೆಳಿಗ್ಗೆ ವಾದ್ಯ ಹೆಗಲಿಗೇರಿಸಿದ ಮೇಲೆ ಮೊದಲ ಮೂರು ನಿಮಿಷ ಹೋಗುವುದು ಇದಕ್ಕೇ. ಟ್ಯೂನರ್ ನೋಡಿಕೊಂಡು ಬೇಸ್ ಬದಿಯ ಐದು ತಂತಿ ಸರಿಮಾಡಿ, ಆಮೇಲೆ ಟ್ಯೂನರ್ ಆರಿಸಿ, ಜೋಡಿ ಜೋಡಿಯಾಗಿ ತಟ್ಟಿ ಮೆಲೊಡಿ ಬದಿಯನ್ನು ಕಿವಿಯಿಂದಲೇ ಕೂಡಿಸಬಹುದು. 9–4ರಿಂದ ಶುರುಮಾಡಿ, 8–3, 10–5, 7–2, ಕೊನೆಗೆ 6–1. ದೂರದ ಸ್ಥಾಯಿಗಳಲ್ಲಿ ಅಲೆ ಮಸುಕಾಗಿ ಕೇಳುವುದರಿಂದ ಈ ಕ್ರಮ. ತಂತಿಯನ್ನು ಮೀಟಿ ಅಲ್ಲ, ನುಡಿಸುವಾಗಿನ ಒತ್ತಡದಲ್ಲೇ ತಟ್ಟಿ ನೋಡಬೇಕು. ಬೆರಳು ಒತ್ತಿದಾಗ ಸ್ವರ ತುಸು ಏರುತ್ತದೆ, ಸರಿಯಿರಬೇಕಾದದ್ದು ಆ ಏರಿದ ಸ್ವರ. ಆರನೇ ತಂತಿಯ ಸಿ ಸುಮಾರು 32.7 ಹರ್ಟ್ಸ್, ಬೇಸ್ ಗಿಟಾರಿನ ಇ ತಂತಿಗಿಂತಲೂ ಕೆಳಗೆ. ಕ್ಲಿಪ್ ಟ್ಯೂನರ್ ಅಲ್ಲಿ ತಡಬಡಾಯಿಸಿದರೆ ಅದನ್ನು ಹನ್ನೆರಡನೇ ಫ್ರೆಟ್‌ನಲ್ಲಿ ತಟ್ಟಿ.

ಸಂಗೀತ ಕಲಿತ ಕಿವಿಗೆ ಒಂದು ಎಚ್ಚರಿಕೆ. ತಂಬೂರಿ ಕೂಡಿಸುವಂತೆ ಸಿ–ಜಿ, ಜಿ–ಡಿ ಎಂದು ಶುದ್ಧ ಪಂಚಮದಲ್ಲಿ ಮುಂದುವರಿಯಬೇಡಿ. ಫ್ರೆಟ್‌ಗಳು ಸಮ ಹಂಚಿಕೆಯವು, ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡುತ್ತವೆ. ಶುದ್ಧ ಪಂಚಮ ಅದಕ್ಕಿಂತ 2 ಸೆಂಟ್ (ಒಂದು ಫ್ರೆಟ್‌ನ ನೂರರಲ್ಲಿ ಎರಡು ಪಾಲು) ಹೆಚ್ಚು. ಹತ್ತನೇ ತಂತಿ ಮುಟ್ಟುವಷ್ಟರಲ್ಲಿ 8 ಸೆಂಟ್ ಏರಿರುತ್ತದೆ. ಜೋಡಿಗಳೆಲ್ಲ ಕೂಡಿದಂತೆಯೇ ಕೇಳಿಸುವುದರಿಂದ ತಪ್ಪು ಎಲ್ಲಿದೆ ಎಂದು ಹುಡುಕುವುದೂ ಕಷ್ಟ.

ಇಷ್ಟು ಹೊಗಳಿದ ಮೇಲೆ ಹೇಳಲೇಬೇಕಾದ ದೂರು: ಬಿರಡೆ ತಿರುಗಿಸಿದರೆ ಶ್ರುತಿ ಬದಲಾಯಿತು ಎಂದು ನಂಬಿಸುವ ಸಲಹೆಗಳೆಲ್ಲ ವಾದ್ಯ ಕೆಡಿಸುತ್ತವೆ. ಬಿಗಿತ ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣ. ಎರಡು ಫ್ರೆಟ್ ಇಳಿಸಿದರೆ ಅದೇ ತಂತಿಯ ಬಿಗಿತ ಸುಮಾರು ಶೇ. 20 ಕಡಿಮೆ. ಗಿಟಾರಿನಲ್ಲಿ ಇದು ಹೇಗೋ ನಡೆದೀತು. ಇಲ್ಲಿ ತಂತಿ ಫ್ರೆಟ್‌ಗೆ ಅಂಟಿಕೊಂಡಷ್ಟು ತಗ್ಗಿನಲ್ಲಿರುತ್ತದೆ, ಸ್ವರ ಹುಟ್ಟುವುದೇ ಆ ತಟ್ಟಿನಿಂದ. ಸಡಿಲ ತಂತಿ ಮೊದಲ ಫ್ರೆಟ್‌ಗಳಲ್ಲಿ ಜುಂಯ್‌ಗುಡುತ್ತದೆ, ಗಟ್ಟಿಯಾಗಿ ತಟ್ಟಿದರೆ ಸ್ವರ ಮೇಲೆ ಹಾರುತ್ತದೆ, ಮೆತ್ತಗೆ ತಟ್ಟಿದರೆ ದನಿಯೇ ಬರುವುದಿಲ್ಲ. ಒಟ್ಟು ಎಳೆತ ತಗ್ಗಿ ಹಲಗೆಯ ಬಾಗು ಕಡಿಮೆಯಾಗುವುದರಿಂದ ಇದುವರೆಗೆ ಚೆನ್ನಾಗಿದ್ದ ಬೇಸ್ ಬದಿಯೂ ಗುಂಯ್‌ಗುಡತೊಡಗುತ್ತದೆ.

ಆದ್ದರಿಂದ ಮೊದಲು ತಂತಿಯ ದಪ್ಪ, ಆಮೇಲೆ ಸ್ವರದ ಹೆಸರು. ಎರಡು ಫ್ರೆಟ್ ಇಳಿಸಿಯೂ ಅದೇ ಬಿಗಿತ ಬೇಕಾದರೆ ದಪ್ಪವನ್ನು 1.12ರಿಂದ ಗುಣಿಸಿ: 0.010 ಇಂಚಿನ ಜಾಗಕ್ಕೆ 0.011, 0.024ಕ್ಕೆ 0.027, 0.032ಕ್ಕೆ 0.036. ಮೇಲೆ ಲೋಹದ ಎಳೆ ಸುತ್ತಿದ ತಂತಿಗಳಲ್ಲಿ ಇದು ಅಂದಾಜು ಮಾತ್ರ. ಮೆಲೊಡಿಯನ್ನು ಸ–ಮ ಅಂತರದಷ್ಟು ಇಳಿಸುವ ಬ್ಯಾರಿಟೋನ್ ಬಗೆಗೆ ಗುಣಕ 1.33, ಅಂದರೆ ಬೇರೆಯೇ ಸೆಟ್. ಬೇಸ್ ಬದಿಯನ್ನು ಡಿಗೆ ಏರಿಸಿ ಮೆಲೊಡಿಗೆ ಹೊಂದಿಸುವ ದಾರಿಯೂ ಇದೆ. ಅಲ್ಲಿ ಬಿಗಿತ ಶೇ. 26 ಏರುತ್ತದೆ, ಹಳೆಯ ದಪ್ಪ ತಂತಿಯಲ್ಲೇ ಮಾಡಿದರೆ ಹಲಗೆ ಮುಂದಕ್ಕೆ ಬಾಗುತ್ತದೆ.

ಎಲ್ಲ ತಂತಿಗಳನ್ನು ಒಟ್ಟಿಗೆ ಬಿಚ್ಚಬೇಡಿ. ಒಂದೊಂದಾಗಿ ಹಾಕಿ, ಶ್ರುತಿಗೆ ಎಳೆದು, ಒಂದು ರಾತ್ರಿ ಬಿಡಿ. ಮರುದಿನ ಬಾಗು ನೋಡಿ, ಬೇಕಿದ್ದರೆ ಟ್ರಸ್ ರಾಡನ್ನು (ಹಲಗೆಯ ಬಾಗು ಹೊಂದಿಸುವ ಸರಳನ್ನು) ಎಂಟನೇ ಒಂದು ಸುತ್ತು ಮಾತ್ರ ತಿರುಗಿಸಿ ಮತ್ತೊಂದು ದಿನ ಕಾಯಿರಿ. ಆಮೇಲಷ್ಟೇ ಬಿರಡೆ ಕಡೆಯ ನಟ್ ಬಳಿಯ ಎತ್ತರ, ಬುಡದ ಬ್ರಿಡ್ಜ್ ಎತ್ತರ, ಕೊನೆಗೆ ಇಂಟೊನೇಷನ್, ಅಂದರೆ ಎಲ್ಲ ಫ್ರೆಟ್‌ನಲ್ಲೂ ಸ್ವರ ಸರಿಯಿರುವಂತೆ ತಂತಿಯ ಉದ್ದ ಹೊಂದಿಸುವುದು. ದಪ್ಪ ತಂತಿಗೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಸ್ವಲ್ಪ ಹಿಂದಕ್ಕೆ ಸರಿಯಬೇಕಾಗುತ್ತದೆ. ಅವಸರದಲ್ಲಿ ಈ ಕ್ರಮ ತಲೆಕೆಳಗಾದರೆ ಎಲ್ಲವನ್ನೂ ಎರಡನೇ ಸಲ ಮಾಡಬೇಕು.

ಖರ್ಚಿನ ಮಾತು: ತಂತಿಗಳನ್ನು ಅಮೆರಿಕದಿಂದ ತರಿಸುವವರಿಗೆ ಅಂಚೆ, ಸುಂಕ ಸೇರಿ ಕೈ ಸುಡುತ್ತದೆ. ಅಂಗಡಿಯ ಗಿಟಾರ್ ತಂತಿ ಹಾಕೋಣವೆಂದರೆ, 36 ಇಂಚಿನ ಸ್ಕೇಲ್‌ನ (ನಟ್‌ನಿಂದ ಬ್ರಿಡ್ಜ್‌ವರೆಗಿನ ಉದ್ದ) ಮಾದರಿಗಳಲ್ಲಿ ಉದ್ದವೇ ಸಾಲದೆ ಹೋಗಬಹುದು. ಬುಡದಿಂದ ಬಿರಡೆಯವರೆಗೆ ಅಳೆದು, ಸುತ್ತಲು ಎರಡು ಇಂಚು ಸೇರಿಸಿ ನೋಡದೆ ಕೊಳ್ಳಬೇಡಿ.

ಇನ್ನು ಕ್ಲಾಸಿಕ್ ಶ್ರುತಿಯ ಪರವಾಗಿ ಒಂದು ಮಾತು. ಅದರಲ್ಲಿ ಎರಡು ಬದಿ ಹೊಂದುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. 8ಕ್ಕೆ 1, 9ಕ್ಕೆ 2, 10ಕ್ಕೆ 3 ಅಲ್ಲೂ ಸಮ. ಹೊಂದಾಣಿಕೆ ಎರಡು ತಂತಿ ಪಕ್ಕಕ್ಕೆ ಸರಿದಿದೆ ಅಷ್ಟೆ. 10–3 ಒಂದೇ ಸ್ಥಾಯಿಯಲ್ಲೂ ಇವೆ. ಎಡಗೈಯ ಕೆಲಸವಂತೂ ಎರಡರಲ್ಲೂ ಒಂದೇ: ಆರನೇ ತಂತಿಯಲ್ಲಿ ಷಡ್ಜ ಹಿಡಿದು, ಎಂಟನೇ ತಂತಿಯಲ್ಲಿ ಎರಡು ಫ್ರೆಟ್ ಮೇಲೆ ತಟ್ಟಿದರೆ ಮೇಲಿನ ಸ್ಥಾಯಿಯ ಅಂತರ ಗಾಂಧಾರ, ಒಂದು ಫ್ರೆಟ್ ಮೇಲೆ ತಟ್ಟಿದರೆ ಸಾಧಾರಣ ಗಾಂಧಾರ. ಎಮೆಟ್ ಚಾಪ್‌ಮನ್ 1974ರಲ್ಲಿ ವಾದ್ಯವನ್ನು ಮಾರುಕಟ್ಟೆಗೆ ತಂದರು. ಬೇಸ್ ಬದಿಗೆ ಅವರು ಆರಿಸಿದ ಪಂಚಮದ ಅಂತರದ ಫಲ ಈ ಅಗಲವಾದ, ಮಬ್ಬಾಗದ ಸ್ವರಮೇಳ. ಮೇಲಿನ ಡಿ ತಂತಿಯ ಹೊಳಪು ಬೇಕೆನ್ನುವವರು ಕ್ಲಾಸಿಕ್ ಬಿಡಬೇಕಿಲ್ಲ. ಗಿಟಾರಿನಿಂದ ಬಂದವರಿಗೆ ಮಾತ್ರ ಇಳಿಸಿದ ಮೆಲೊಡಿ ತವರುಮನೆ: ಐದರಿಂದ ಎರಡರವರೆಗಿನ ತಂತಿಗಳು ಗಿಟಾರಿನ ಇ, ಎ, ಡಿ, ಜಿ.

ಸ–ಪ–ಸ ಎಂದು ತೆರೆದ ತಂತಿಗಳನ್ನು ಕೂಡಿಸಿ ತಂಬೂರಿಯ ಹಾಗೆ ನುಡಿಸುವ ಆಸೆ ನಮ್ಮಲ್ಲಿ ಹಲವರಿಗೆ ಹುಟ್ಟುತ್ತದೆ. ಇದರಲ್ಲಿ ಅದು ಕೂಡಿಬರುವುದಿಲ್ಲ. ನಟ್ ಪಕ್ಕದ ಡ್ಯಾಂಪರ್ ತೆರೆದ ತಂತಿಯ ದನಿ ನುಂಗುತ್ತದೆ. ಅದನ್ನು ತೆಗೆದರೆ ಪ್ರತಿ ಬೆರಳೆತ್ತಿದಾಗಲೂ ಬೇಡದ ನಾದ. ಒಂದು ತಂತಿಯ ಅಂತರ ಬೇರೆಯಾದರೂ ಐದೈದು ಫ್ರೆಟ್‌ಗೊಂದು ಇರುವ ಗುರುತುಗಳು ದಾರಿ ತಪ್ಪಿಸುತ್ತವೆ. ಸಮ ಅಂತರ ಉಳಿಸಿಕೊಂಡರೆ, ಗಾಯಕರು ಬಿಳಿ ಒಂದರಿಂದ ಕಪ್ಪು ಒಂದಕ್ಕೆ ಹೋದಾಗ ಎರಡೂ ಕೈ ಒಂದು ಫ್ರೆಟ್ ಸರಿದರೆ ಸಾಕು. (ಎ. ಆರ್. ರೆಹಮಾನ್ ನುಡಿಸುವುದು ಇದಲ್ಲ, ತಟ್ಟಿಯೇ ನುಡಿಸುವ ಇನ್ನೊಂದು ವಾದ್ಯ ಹಾರ್ಪೆಜಿ. ಅಲ್ಲಿ ತಂತಿಯಿಂದ ತಂತಿಗೆ ಎರಡು ಫ್ರೆಟ್‌ನ ಅಂತರ.)

ಬಿಚ್ಚಿದ ಹಳೆಯ ಐದು ತಂತಿಗಳನ್ನು ದಪ್ಪ ಬರೆದ ಚೀಟಿ ಕಟ್ಟಿ, ಬೇರೆ ಬೇರೆ ಲಕೋಟೆಯಲ್ಲಿ ಇಡಿ. ತಿಂಗಳೊಪ್ಪತ್ತಿನಲ್ಲಿ ಆ ಡಿ ನೆನಪಾದರೆ ಮರಳಲು ಮತ್ತೆ ಸುಂಕ ಕಟ್ಟುವುದು ತಪ್ಪುತ್ತದೆ.