ಕಲಬುರಗಿಯಲ್ಲೊಂದು ಎಂಟು ವಾರದ ಮೈಂಡ್‌ಫುಲ್‌ನೆಸ್ ಕ್ಲಾಸು: ದುಡ್ಡು ಕೊಟ್ಟು ಹೋಗಬಹುದಾ?

ಸೇಡಂ ರಸ್ತೆ ಕಡೆಯ ಒಂದು ಕೌನ್ಸೆಲಿಂಗ್ ಕೇಂದ್ರದಲ್ಲಿ ಈ ಕ್ಲಾಸು ಮುಗಿಸಿದೆ. ಮೈಂಡ್‌ಫುಲ್‌ನೆಸ್ ಅಂದರೆ ಈ ಹೊತ್ತಿನಲ್ಲಿ ಮೈಗೆ, ಮನಸ್ಸಿಗೆ ಆಗುವುದನ್ನು ಸುಮ್ಮನೆ ಗಮನಿಸುತ್ತ ಕೂರುವ ಧ್ಯಾನ. ಭಾನುವಾರ ಬೆಳಿಗ್ಗೆ ಎರಡೂವರೆ ತಾಸು. ಫೀಸು 4,000 ರೂಪಾಯಿ. ನಾನು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಮಾರ್ಚ್ ಬಂತೆಂದರೆ ನಿದ್ದೆ ಹಾರಿಹೋಗುತ್ತದೆ. ಬಿಪಿ ನೋಡುವ ಡಾಕ್ಟರೇ ಒಮ್ಮೆ ಹೋಗಿ ಬನ್ನಿ ಅಂದರು.

ಮನೆಯಲ್ಲಿ ಅವ್ವನಿಗೆ ನಗು. "ಸುಮ್ನ ಕುಂದರ್ಲಾಕ ರೊಕ್ಕಾ ಕೊಡ್ತಿ ಏನೋ?" ಆಕೆ ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಅದರ ಮೇಲೇ ದೃಷ್ಟಿ ನೆಟ್ಟು ಕೂರುವವಳು. ಆಕೆ ಕೇಳಿದ್ದರಲ್ಲಿ ತಪ್ಪಿಲ್ಲ. ಬುದ್ಧ ವಿಹಾರ ಇರುವ ಊರಲ್ಲಿ, ಶರಣರ ನಾಡಲ್ಲಿ ಧ್ಯಾನಕ್ಕೇನು ಬರವೇ?

ಆದರೆ ಈ ಕ್ಲಾಸು ಸುತ್ತಿ ಬಂದ ದಾರಿ ಬೇರೆ. ಜಾನ್ ಕಬಟ್-ಜಿನ್ ಎಂಬ ಅಮೆರಿಕದವರು ಝೆನ್, ವಿಪಶ್ಯನ ಎಂಬ ಬೌದ್ಧ ಧ್ಯಾನಗಳೆರಡನ್ನೂ ಅಭ್ಯಾಸ ಮಾಡಿದವರು. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲಿನಲ್ಲಿ, ವರ್ಷಗಟ್ಟಲೆ ನೋವು ತಿಂದ ರೋಗಿಗಳಿಗೆ ಧರ್ಮದ ಮಾತು ತೆಗೆದು ಅದನ್ನೇ ಕಲಿಸಿದರು. ಮುಂದೆ ಸೆಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಅದಕ್ಕೆ ಕಾಗ್ನಿಟಿವ್ ಥೆರಪಿ, ಅಂದರೆ ಯೋಚನೆಯ ಧಾಟಿಯನ್ನು ಗುರುತಿಸಿ ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆ, ಸೇರಿಸಿದರು. ಮೂರು ಸಲ ಅಥವಾ ಜಾಸ್ತಿ ಖಿನ್ನತೆ ಬಂದುಹೋದವರಲ್ಲಿ ಅದು ಮರಳುವುದು ಕಡಿಮೆಯಾಯಿತು ಅಂತ 2000ದಲ್ಲಿ ಅವರ ಅಧ್ಯಯನ ಬಂತು. ಇಲ್ಲಿ ಎರಡನ್ನೂ ಕಲಸಿ ಕೊಡುತ್ತಾರೆ.

ಮೊದಲ ವಾರ ಒಂದು ಒಣದ್ರಾಕ್ಷಿ ಕೈಗಿಟ್ಟು, ನೋಡಿ, ಮೂಸಿ, ಕಿವಿಯ ಹತ್ತಿರ ಹಿಡಿದು, ಆಮೇಲೆ ತಿನ್ನಿ ಅಂದರು. ನನಗೆ ನಗು ತಡೆಯಲಾಗಲಿಲ್ಲ. ಬಾಡಿ ಸ್ಕ್ಯಾನ್ ಅಂದರೆ ಮಲಗಿಕೊಂಡು ಎಡಗಾಲಿನ ಬೆರಳಿಂದ ತಲೆಯವರೆಗೆ ಗಮನ ಸರಿಸುವುದು. ಮುಕ್ಕಾಲು ತಾಸು. ಅಷ್ಟರಲ್ಲಿ ಎರಡು ಮೂಲೆಯಿಂದ ಗೊರಕೆ.

ದುಡ್ಡು ವಸೂಲಾಗುವುದು ಧ್ಯಾನ ಮುಗಿಸಿ ಕಣ್ಣು ಬಿಟ್ಟ ಮೇಲೆ. ಆಗ ಕಲಿಸುವ ಮೇಡಂ ಕೂತಾಗ ಏನಾಯಿತು ಅಂತ ಕೇಳುತ್ತಾರೆ. ಒಂದು ಭಾನುವಾರ ಕೂತಲ್ಲೇ ಜಿಎಸ್‌ಟಿ ರಿಟರ್ನ್ ನೆನಪಾಗಿ ಬೆವರಿದೆ. ಹಾಗೇ ಹೇಳಿಬಿಟ್ಟೆ.

"ಮೈಯಾಗ ಎಲ್ಲಿ ಗೊತ್ತಾಯ್ತ್ರಿ?" ಅಂತ ಮೇಡಂ ಕೇಳಿದರು.

"ಎದ್ಯಾಗ್ರಿ. ಬಿಗಿ ಹಿಡೀತು."

"ಆಮ್ಯಾಲ?"

"ಸಾಹುಕಾರ್ರು ಬೈತಾರ ಅಂತ..."

"ಬೈದ್ರೇನ್ರಿ, ಬೈತಾರ ಅನ್ನಿಸ್ತೇನ್ರಿ?"

ನನ್ನ ಬಾಯಿ ಕಟ್ಟಿತು. ಸಾಹುಕಾರರು ಅವತ್ತು ಹೈದರಾಬಾದಿನಲ್ಲಿದ್ದರು! ಮೇಡಂ ಅಲ್ಲಿಗೇ ಬಿಟ್ಟು ಪಕ್ಕದವರನ್ನು ಕೇಳಿದರು. ಉಪದೇಶವಿಲ್ಲ, ಸಮಾಧಾನವೂ ಇಲ್ಲ. ಹಿಂದೆ ಹೋಗಿದ್ದ ಶಿಬಿರಗಳಲ್ಲಿ ಇಂಥದ್ದು ಹೇಳಿದರೆ "ಮನಸ್ಸು ಚಂಚಲ, ಸಾಧನೆ ಮುಂದುವರಿಸಿ" ಅನ್ನುತ್ತಿದ್ದರು. ಇಲ್ಲಿ ಆ ಚಂಚಲವನ್ನೇ ಮುಂದಿಟ್ಟುಕೊಂಡು ಕೂರುತ್ತಾರೆ. ಕೂರುವುದನ್ನು ಅವ್ವನಿಂದಲೂ ಕಲಿಯಬಹುದು. ಹೀಗೆ ಪ್ರಶ್ನೆ ಕೇಳಲು ತರಬೇತಾದ ಮನುಷ್ಯ ಬೇಕು. ಫೀಸು ಇರುವುದು ಅದಕ್ಕೆ ಅಂತ ನನ್ನ ಲೆಕ್ಕ.

ಇನ್ನೊಂದು ಮೆಚ್ಚಿದ್ದು: ಸೇರಿಸಿಕೊಳ್ಳುವ ಮೊದಲು ಒಬ್ಬೊಬ್ಬರನ್ನೇ ಕರೆದು ಕಾಯಿಲೆ, ಮಾತ್ರೆ ಎಲ್ಲ ಕೇಳುತ್ತಾರೆ. ಮಾತ್ರೆ ಬಿಡಿ ಅಂತ ಯಾರಿಗೂ ಹೇಳಲಿಲ್ಲ. ಒಬ್ಬರಿಗೆ ಮೊದಲು ಮನೋವೈದ್ಯರನ್ನು ಕಂಡು ಬನ್ನಿ ಅಂದರು. ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಗಾಬರಿ ಹೆಚ್ಚಾಗುವುದೂ ಉಂಟು. ಇದನ್ನು ಬಾಯಿಬಿಟ್ಟು ಹೇಳಿದ ಮೊದಲ ಜಾಗ ಇದು.

ಕೊರತೆ ಇಲ್ಲ ಅಂತಲ್ಲ. ಮನೆಯಲ್ಲಿ ಕೇಳಲು ಕೊಟ್ಟ ಆಡಿಯೋ ಪೂರ್ತಿ ಇಂಗ್ಲಿಷಿನಲ್ಲಿದೆ. ಕನ್ನಡದ್ದು ಕಳಿಸುತ್ತೇವೆ ಅಂದವರು ಕೊನೆಗೂ ಕಳಿಸಲಿಲ್ಲ. ನನ್ನ ಬ್ಯಾಚಿನ ಇಬ್ಬರು ಅದಕ್ಕೇ ಬಿಟ್ಟರು. ಮೂಲ ಕ್ರಮದಲ್ಲಿ ಒಂದು ದಿನ ಪೂರ್ತಿ ಮೌನ ಇರುತ್ತದೆ. ಇಲ್ಲಿ ಮಧ್ಯಾಹ್ನ ಊಟಕ್ಕೇ ಮುಗಿಸಿದರು. ಪೂರ್ತಿ ಫೀಸು ತಗೊಂಡು ಅರ್ಧ ದಿನ ಕೊಡುವುದು ಯಾವ ನ್ಯಾಯ?

ನಿದ್ದೆ? ಸುಧಾರಿಸಿದೆ, ಪೂರ್ತಿ ಅಲ್ಲ. ದಿನಾ ಮುಕ್ಕಾಲು ತಾಸು ಮನೆಯಲ್ಲಿ ಮಾಡಲು ಆಗದವರು ಸೇರಬೇಡಿ, ದುಡ್ಡು ದಂಡ. ಈಗಲೇ ತೀರಾ ಕಷ್ಟದಲ್ಲಿರುವವರು ಬ್ಯಾಚಿಗೆ ಕಾಯುತ್ತ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಸೇರುವವರು ಚಾಪೆ ಮನೆಯಿಂದಲೇ ತನ್ನಿ. ಮೊಣಕಾಲು ನೋವಿದ್ದರೆ ಮೊದಲೇ ಹೇಳಿ, ಕುರ್ಚಿ ಇರುವುದು ನಾಲ್ಕೇ.